ಪ್ರಯೋಗಾಲಯದಿಂದ ಪ್ಲೇಗಿನ ಕೇರಿಗೆ: ವಾಲ್ಡೆಮಾರ್ ಹಾಫ್ಕಿನ್

ಮುಂಬಯಿಯ ಪರೇಲ್‌ನಲ್ಲಿ ಒಂದು ಕಾಲದಲ್ಲಿ ಗವರ್ನರ್ ಸಾಹೇಬರ ನಿವಾಸವಾಗಿದ್ದ ಹಳೆಯ ಬಂಗಲೆಯೊಂದಿದೆ. 1899ರಿಂದ ಅದು ವೈದ್ಯಕೀಯ ಸಂಶೋಧನೆಯ ನೆಲೆ. ಅದಕ್ಕಿಟ್ಟಿರುವ ಹೆಸರು ಭಾರತೀಯರದಲ್ಲ, ಇಂಗ್ಲಿಷರದೂ ಅಲ್ಲ. ರಷ್ಯಾ ಸಾಮ್ರಾಜ್ಯದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಲಸಿಕೆಯ ವಿದ್ಯೆ ಕಲಿತು, ತನ್ನ ಬಾಳಿನ ಸತ್ವವನ್ನೆಲ್ಲ ಭಾರತದ ಕೇರಿಗಳಲ್ಲಿ ವ್ಯಯಿಸಿದ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಅವರ ಹೆಸರು ಅದು.

ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕುತ್ತಿದ್ದ ದಿನಗಳ ಕಥೆಗಳು ಕರ್ನಾಟಕದ ಹಳೆಯ ಮನೆತನಗಳಲ್ಲಿ ಬಹುಕಾಲ ಉಳಿದಿದ್ದವು. ಪ್ಲೇಗಿನ ಅಮ್ಮನಿಗೆ ಕಟ್ಟಿದ ಗುಡಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಆ ಮಹಾಮಾರಿಯ ವಿರುದ್ಧ ಮೊದಲ ಲಸಿಕೆಯನ್ನು ರೂಪಿಸಿದವರು ಹಾಫ್ಕಿನ್. ಆದರೆ ಅವರ ಜೀವನ ಬರಿಯ ಒಂದು ಶೋಧದ ಕಥೆಯಲ್ಲ. ಪ್ರಯೋಗಾಲಯದ ಗಾಜಿನ ಕುಪ್ಪಿಯಲ್ಲಿ ಸಿದ್ಧವಾದ ಔಷಧವೊಂದು ರೋಗಭೀತಿಯಲ್ಲಿರುವ ಮನುಷ್ಯನ ತೋಳನ್ನು ತಲುಪುವ ಮೊದಲು ಎಷ್ಟು ಬಾಗಿಲುಗಳನ್ನು ದಾಟಬೇಕು, ಆ ಹಾದಿಯಲ್ಲಿ ಸರ್ಕಾರ, ಜಾತಿ, ಧರ್ಮ, ವದಂತಿ, ಅಧಿಕಾರಿಗಳ ಅಸೂಯೆ ಇವೆಲ್ಲ ಹೇಗೆ ಎದುರಾಗುತ್ತವೆ ಎಂಬುದಕ್ಕೆ ಅದೊಂದು ಜ್ವಲಂತ ನಿದರ್ಶನ. ವೈದ್ಯಕೀಯ ಸಂಶೋಧನೆ ಮತ್ತು ರೋಗಿಯ ನಡುವಣ ಅಂತರವನ್ನು ಅಧ್ಯಯನ ಮಾಡುವ ಸಮಾಜವಿಜ್ಞಾನಿಗಳೂ ಇತಿಹಾಸಕಾರರೂ ಈ ಜೀವನಕ್ಕೆ ಮತ್ತೆ ಮತ್ತೆ ಮರಳುವುದು ಇದೇ ಕಾರಣಕ್ಕೆ.

ಒಡೆಸ್ಸಾದ ವಿದ್ಯಾರ್ಥಿ

ಹಾಫ್ಕಿನ್ ಜನಿಸಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕೊವ್. ದೇಹದ ರೋಗನಿರೋಧಕ ಶಕ್ತಿಯ ಕುರಿತ ಸಂಶೋಧನೆಗಾಗಿ ಮುಂದೆ 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮಹನೀಯರು ಅವರು. ಶಿಷ್ಯನಾದರೋ ಓದಿನ ಜೊತೆಗೆ ರಾಜಕೀಯದ ಬಿಸಿಯನ್ನೂ ಹಚ್ಚಿಕೊಂಡಿದ್ದ ತರುಣ. ತ್ಸಾರ್ ದೊರೆಯ ದಬ್ಬಾಳಿಕೆಯನ್ನು ವಿರೋಧಿಸುತ್ತಿದ್ದ ಕ್ರಾಂತಿಕಾರಿ ಗುಂಪುಗಳ ಸಹವಾಸವಿತ್ತು. 1881ರಲ್ಲಿ ಯಹೂದಿಗಳ ಮೇಲೆ ಹಲ್ಲೆಗಳು ನಡೆದಾಗ ತಮ್ಮ ಜನರ ರಕ್ಷಣೆಗೆ ನಿಂತ ದಳದಲ್ಲಿ ಅವರಿದ್ದರು, ಗಾಯಗೊಂಡರು, ಸೆರೆಯಾದರು. ಮೆಚ್ನಿಕೊವ್ ಅವರ ಮಧ್ಯಸ್ಥಿಕೆಯಿಂದ ಬಿಡುಗಡೆ ದೊರೆಯಿತು.

1884ರಲ್ಲಿ ಡಾಕ್ಟರೇಟ್ ಕೈಸೇರಿದರೂ ಅಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿಯೇ ಇತ್ತು. ಯಹೂದಿಯಾಗಿ ಉಳಿದವನಿಗೆ ಅಲ್ಲಿ ಉನ್ನತ ಸ್ಥಾನವಿರಲಿಲ್ಲ; ಆರ್ಥೊಡಾಕ್ಸ್ ಕ್ರೈಸ್ತ ಮತಕ್ಕೆ ಸೇರಿದರೆ ದಾರಿ ಸುಗಮವಾಗುತ್ತಿತ್ತು. ಹಾಫ್ಕಿನ್ ಅದಕ್ಕೆ ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಏಕಕೋಶ ಜೀವಿಗಳ ಅಧ್ಯಯನ ಮಾಡುತ್ತ ಕೆಲವು ವರ್ಷ ಕಳೆದು, 1888ರಲ್ಲಿ ತಾಯ್ನಾಡನ್ನು ತೊರೆದು ಜಿನೀವಾ ಸೇರಿದರು. ಮರುವರ್ಷ ಗುರು ಮೆಚ್ನಿಕೊವ್ ಇದ್ದ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಬಂದರು. ಆಗ ಅಲ್ಲಿ ಖಾಲಿಯಿದ್ದುದು ಗ್ರಂಥಾಲಯ ಸಹಾಯಕನ ಕೆಲಸವೊಂದೇ. ಪದವೀಧರ ವಿಜ್ಞಾನಿ ಪುಸ್ತಕಗಳನ್ನು ಜೋಡಿಸುತ್ತ, ಬಿಡುವು ಸಿಕ್ಕಾಗ ಪ್ರಯೋಗಶಾಲೆಯಲ್ಲಿ ದುಡಿಯತೊಡಗಿದರು.

ತನ್ನ ದೇಹವೇ ಮೊದಲ ಪ್ರಯೋಗ

ಅಂದು ಯೂರೋಪನ್ನು ನಡುಗಿಸುತ್ತಿದ್ದುದು ಕಾಲರಾ. ಸ್ಪೇನಿನ ವೈದ್ಯ ಹೈಮೆ ಫೆರಾನ್ 1885ರಲ್ಲಿಯೇ ವೇಲೆನ್ಸಿಯಾದಲ್ಲಿ ಕಾಲರಾ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಿದ್ದರು. ಆದರೆ ಲಸಿಕೆಯ ತಯಾರಿಕೆಯ ಕ್ರಮವೂ ಫಲಿತಾಂಶದ ಲೆಕ್ಕವೂ ಸ್ಪಷ್ಟವಾಗಿಲ್ಲವೆಂದು ವಿಜ್ಞಾನಲೋಕ ಅದನ್ನು ನಂಬಲಿಲ್ಲ. ಹಾಫ್ಕಿನ್ ಈ ಎರಡೂ ಕೊರತೆಗಳನ್ನು ತುಂಬಲು ಹೊರಟರು. ಕಾಲರಾ ಸೂಕ್ಷ್ಮಾಣುವನ್ನು ಗಿನಿಯಿಲಿಗಳ ಉದರದಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತ, ಮೂವತ್ತೊಂಬತ್ತು ಸರದಿಗಳ ನಂತರ ಅದರ ತೀಕ್ಷ್ಣತೆಯನ್ನು ಬಹುಪಟ್ಟು ಹೆಚ್ಚಿಸಿದರು. ಇನ್ನೊಂದೆಡೆ ಶಾಖ ಮತ್ತು ಗಾಳಿಯ ಮೂಲಕ ಅದೇ ಸೂಕ್ಷ್ಮಾಣುವನ್ನು ದುರ್ಬಲಗೊಳಿಸಿದರು. ಮೊದಲು ದುರ್ಬಲವಾದುದನ್ನು, ಕೆಲವು ದಿನಗಳ ನಂತರ ತೀಕ್ಷ್ಣವಾದುದನ್ನು ಕೊಡುವುದು ಅವರ ವಿಧಾನ.

1892ರ ಜುಲೈ 18ರಂದು ಹಾಫ್ಕಿನ್ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಬಳಿಕ ಕೆಲವು ರಷ್ಯನ್ ಗೆಳೆಯರು ಮುಂದೆ ಬಂದರು. ಆ ತಿಂಗಳ ಕೊನೆಯಲ್ಲಿ ಪ್ಯಾರಿಸಿನ ಜೀವಶಾಸ್ತ್ರ ಸಂಘಕ್ಕೆ ವರದಿ ಸಲ್ಲಿಕೆಯಾಯಿತು. ಪತ್ರಿಕೆಗಳು ಹೊಗಳಿದವು, ಹಿರಿಯ ವಿಜ್ಞಾನಿಗಳು ಮಾತ್ರ ಬಹುಮಟ್ಟಿಗೆ ಮೌನವಾಗಿದ್ದರು. ಆರೋಗ್ಯವಂತ ಗೆಳೆಯರು ನಾಲ್ಕಾರು ಮಂದಿ ಜ್ವರವನ್ನು ತಡೆದುಕೊಂಡರೆಂದ ಮಾತ್ರಕ್ಕೆ ಲಸಿಕೆ ಕಾಲರಾವನ್ನು ತಡೆಯುತ್ತದೆಂದು ಸಿದ್ಧವಾಗುವುದಿಲ್ಲ. ರೋಗವಿರುವ ನಾಡಿನಲ್ಲಿ, ರೋಗದ ನಡುವೆ ಬದುಕುವ ಜನರಲ್ಲಿ ಅದನ್ನು ಪರೀಕ್ಷಿಸಬೇಕಿತ್ತು. ಅದೇ ವರ್ಷ ಕಾಲರಾ ರಷ್ಯಾಕ್ಕೂ ಹಬ್ಬಿತ್ತು. ಆದರೆ ಹಳೆಯ ಕ್ರಾಂತಿಕಾರಿಯ ನೆರವು ತ್ಸಾರ್ ಸರ್ಕಾರಕ್ಕೆ ಬೇಕಿರಲಿಲ್ಲ. ಆಗ ನೆರವಾದವರು ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ, ಅದಕ್ಕೂ ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್. 1893ರ ಮಾರ್ಚ್ ತಿಂಗಳಲ್ಲಿ ಹಾಫ್ಕಿನ್ ಕಲ್ಕತ್ತೆಯಲ್ಲಿ ಬಂದಿಳಿದರು.

ಕಲ್ಕತ್ತೆಯ ಕೊಳೆಗೇರಿಯಲ್ಲಿ

ಭಾರತಕ್ಕೆ ಬಂದ ಹಾಫ್ಕಿನ್ ಅವರಿಗೆ ಎರಡು ಕೊರತೆಗಳಿದ್ದವು. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಮತ್ತು ಅವರು ಬ್ರಿಟಿಷರಲ್ಲ, ರಷ್ಯಾದ ಪ್ರಜೆ. ಸೇನೆಯ ಶಿಸ್ತಿನಲ್ಲಿ ಬೆಳೆದಿದ್ದ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿಗಳ ಕಣ್ಣಿಗೆ ಅವರೊಬ್ಬ ಹೊರಗಿನವರು. ಕಾಲರಾ ನೀರಿನಿಂದ ಹರಡುವ ಜೀವಿಯಿಂದ ಬರುತ್ತದೆಂಬುದನ್ನೇ ಒಪ್ಪದ ಹಿರಿಯ ಅಧಿಕಾರಿಗಳು ಆಗಿನ್ನೂ ಇದ್ದರು. ಹವೆ, ಮಣ್ಣು, ಕೊಳಕು ಇವೇ ಕಾರಣವೆಂದು, ಚರಂಡಿ ಮತ್ತು ನೈರ್ಮಲ್ಯವೇ ಪರಿಹಾರವೆಂದು ನಂಬಿದವರಿಗೆ ಸೂಜಿಯ ಮದ್ದು ಅನಗತ್ಯ ಆಡಂಬರವಾಗಿ ಕಂಡಿತು.

ಮೊದಲ ವರ್ಷ ಉತ್ತರ ಭಾರತದ ದಂಡುಗಳಲ್ಲಿ, ಪಟ್ಟಣಗಳಲ್ಲಿ ಸ್ವಇಚ್ಛೆಯಿಂದ ಬಂದವರಿಗೆಲ್ಲ ಲಸಿಕೆ ಹಾಕುತ್ತ ಅವರು ಸಂಚರಿಸಿದರು. ಜನ ಬಂದರು, ಆದರೆ ಲಸಿಕೆ ಪಡೆದ ಊರುಗಳಿಗೆ ಆ ವರ್ಷ ಕಾಲರಾ ಬರಬೇಕಲ್ಲ? ರೋಗವೇ ಬಾರದಿದ್ದರೆ ಲಸಿಕೆಯ ಗುಣ ತಿಳಿಯುವ ಬಗೆ ಹೇಗೆ? 1894ರ ಮಾರ್ಚ್‌ನಲ್ಲಿ ಕಲ್ಕತ್ತೆಯ ಆರೋಗ್ಯಾಧಿಕಾರಿ ಡಬ್ಲ್ಯು.ಜೆ. ಸಿಂಪ್ಸನ್ ಅವರ ಕರೆಯ ಮೇರೆಗೆ ಕೊಳೆಗೇರಿಗಳಿಗೆ ಹೋದಾಗ ಇದಕ್ಕೆ ಉತ್ತರ ಸಿಕ್ಕಿತು. ಒಂದೇ ಕೆರೆಯ ನೀರು ಕುಡಿಯುವ ಗುಡಿಸಲುಗಳ ಸಾಲು ಅಲ್ಲಿತ್ತು. ಕಟ್ಟಲ್ ಬಾಗಾನ್ ಎಂಬ ಕೇರಿಯಲ್ಲಿದ್ದ ಸುಮಾರು 200 ಜನರಲ್ಲಿ 116 ಮಂದಿ ಲಸಿಕೆ ಪಡೆದರು. ಆಮೇಲೆ ಅಲ್ಲಿ ಹತ್ತು ಮಂದಿಗೆ ಕಾಲರಾ ತಗುಲಿತು, ಏಳು ಮಂದಿ ಸತ್ತರು. ಅವರೆಲ್ಲರೂ ಲಸಿಕೆ ಪಡೆಯದವರು.

ಒಂದೇ ಮನೆಯಲ್ಲಿ, ಒಂದೇ ನೀರು ಕುಡಿಯುವವರ ನಡುವೆ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡುವ ಕ್ರಮವನ್ನು ಹಾಫ್ಕಿನ್ ಇಲ್ಲಿಂದ ಮುಂದೆ ಬಿಡದೆ ಅನುಸರಿಸಿದರು. ಔಷಧಗಳ ಪರೀಕ್ಷೆಯಲ್ಲಿ ಇಂದು ಕಡ್ಡಾಯವಾಗಿರುವ ಹೋಲಿಕೆಯ ಗುಂಪಿನ ಆರಂಭದ ಮಾದರಿಗಳಲ್ಲಿ ಇದೂ ಒಂದು.

ಕೇರಿಯ ಜನ ಸುಲಭವಾಗಿ ಒಪ್ಪಿದರೆಂದಲ್ಲ. ಕೋಟು ತೊಟ್ಟ ಬಿಳಿಯ ಮನುಷ್ಯ ಸೂಜಿ ಹಿಡಿದು ಬಂದರೆ ಭಯಪಡದವರಾರು? ಹಾಫ್ಕಿನ್ ಜನರೆದುರು ತಾವೇ ಚುಚ್ಚಿಸಿಕೊಂಡು ತೋರಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಅವರ ಜೊತೆಗಿದ್ದ ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ಬಂಗಾಳಿ ವೈದ್ಯರು. ಜನರ ಭಾಷೆಯಲ್ಲಿ ಮಾತನಾಡಿ, ಅವರ ಸಂಶಯಗಳಿಗೆ ಉತ್ತರ ಕೊಟ್ಟು, ನಂಬಿಕೆ ಗಳಿಸಿದವರು ಅವರೇ. ವಿಜ್ಞಾನದ ಚರಿತ್ರೆಯಲ್ಲಿ ಇಂತಹ ಮಧ್ಯವರ್ತಿಗಳ ಹೆಸರು ಬಹುಪಾಲು ಅಡಿಟಿಪ್ಪಣಿಗೆ ಇಳಿಯುತ್ತದೆ. ಕೇರಿಯಲ್ಲಿ ಮಾತ್ರ ಅವರಿಲ್ಲದೆ ಒಂದು ಹೆಜ್ಜೆಯೂ ಮುಂದೆ ಸಾಗುತ್ತಿರಲಿಲ್ಲ. ಅಸ್ಸಾಮಿನ ಚಹಾ ತೋಟಗಳ ಕೂಲಿಗಳೂ ಸೇರಿದಂತೆ 1895ರ ಹೊತ್ತಿಗೆ ಸುಮಾರು 42 ಸಾವಿರ ಜನ ಕಾಲರಾ ಲಸಿಕೆ ಪಡೆದಿದ್ದರು. ಅಷ್ಟರಲ್ಲಿ ಮಲೇರಿಯಾ ಹಾಫ್ಕಿನ್ ಅವರನ್ನು ಹಿಂಡಿಹಾಕಿತ್ತು. ಚಿಕಿತ್ಸೆಗಾಗಿ ಯೂರೋಪಿಗೆ ತೆರಳಿ, ವೈದ್ಯರ ಸಲಹೆಯನ್ನು ಬದಿಗಿಟ್ಟು 1896ರಲ್ಲಿ ಮತ್ತೆ ಭಾರತಕ್ಕೆ ಮರಳಿದರು.

ತುಪ್ಪದ ಹನಿಯ ಕೆಳಗೆ ಬೆಳೆದ ಲಸಿಕೆ

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿ ಬಂದರು ಪ್ರದೇಶದಲ್ಲಿ ವೈದ್ಯ ಅಕಾಸಿಯೊ ವೀಗಾಸ್ ಪ್ಲೇಗನ್ನು ಗುರುತಿಸಿದರು. ನಗರ ತಲ್ಲಣಿಸಿತು, ಲಕ್ಷಾಂತರ ಜನ ಊರು ಬಿಟ್ಟು ಓಡಿದರು, ಓಡಿದವರೊಂದಿಗೆ ರೋಗವೂ ಹಬ್ಬಿತು. ಸರ್ಕಾರದ ಕರೆಯಂತೆ ಹಾಫ್ಕಿನ್ ಅಕ್ಟೋಬರ್ ಮೊದಲ ವಾರದಲ್ಲಿ ಮುಂಬಯಿಗೆ ಬಂದರು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೊಠಡಿ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು.

ಪ್ಲೇಗ್ ಸೂಕ್ಷ್ಮಾಣುವನ್ನು ಮಾಂಸದ ಸಾರಿನಲ್ಲಿ ಬೆಳೆಸಿದಾಗ ಅದರ ಮೇಲೆ ತೇಲುವ ತುಪ್ಪದ ಹನಿಗಳಿಗೆ ಅಂಟಿಕೊಂಡು ಬಿಳಲುಗಳಂತೆ ಕೆಳಕ್ಕೆ ಇಳಿಬೀಳುವುದನ್ನು ಅವರು ಕಂಡುಕೊಂಡರು. ಕುಪ್ಪಿಯನ್ನು ಅಲುಗಾಡಿಸಿದರೆ ಬಿಳಲುಗಳು ಕಳಚಿ ತಳ ಸೇರುತ್ತಿದ್ದವು, ಹೊಸವು ಹುಟ್ಟುತ್ತಿದ್ದವು. ಹೀಗೆ ವಾರಗಟ್ಟಲೆ ಬೆಳೆಸಿದ ದ್ರವವನ್ನು ಬಿಸಿ ಮಾಡಿ ಸೂಕ್ಷ್ಮಾಣುಗಳನ್ನು ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಹಿಂದೂಗಳಿಗೂ ಮುಸಲ್ಮಾನರಿಗೂ ಆಕ್ಷೇಪವಾಗದಂತೆ ಸಾರಿಗೆ ಮೇಕೆಯ ಮಾಂಸವನ್ನು ಬಳಸಲಾಯಿತು. ಲಸಿಕೆ ಯಾರ ದೇಹಕ್ಕೆ ಹೋಗಬೇಕೋ ಅವರ ಮನಸ್ಸನ್ನು ಲಸಿಕೆಯ ಪಾಕದಲ್ಲಿಯೇ ಲೆಕ್ಕಕ್ಕೆ ತೆಗೆದುಕೊಂಡಿದ್ದುದು ಗಮನಾರ್ಹ.

1897ರ ಜನವರಿ 10ರಂದು ಹಾಫ್ಕಿನ್ ಮತ್ತೊಮ್ಮೆ ತಮ್ಮ ದೇಹವನ್ನೇ ಒಡ್ಡಿದರು. ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಬಹಳ ಹೆಚ್ಚಿನ ಲಸಿಕೆಯನ್ನು ಚುಚ್ಚಿಸಿಕೊಂಡು ತೀವ್ರ ಜ್ವರ ಅನುಭವಿಸಿದರು. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಲಸಿಕೆಗೆ ಮುಂದೆ ಬಂದರು, ಉಳಿದವರು ಹಾಗೆಯೇ ಉಳಿದರು. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ಪ್ಲೇಗ್ ತಗುಲಿ 6 ಮಂದಿ ಸತ್ತರು. ಪಡೆದವರಲ್ಲಿ ರೋಗ ಬಂದದ್ದು ಇಬ್ಬರಿಗೆ ಮಾತ್ರ, ಇಬ್ಬರೂ ಬದುಕಿದರು. ಕಂಬಿಯ ಹಿಂದಿರುವವನ ಒಪ್ಪಿಗೆ ನಿಜವಾಗಿ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆಯನ್ನು ಅಂದು ಯಾರೂ ಹೆಚ್ಚು ಕೇಳಲಿಲ್ಲ. ಇಂದು ಸಂಶೋಧನೆಯ ನೀತಿಯನ್ನು ಚರ್ಚಿಸುವವರು ಆ ಪ್ರಶ್ನೆಯನ್ನು ಬಿಡುವಂತಿಲ್ಲ.

ಸರ್ಕಾರದ ಲಾಠಿ, ಜನರ ಭೀತಿ

ಲಸಿಕೆ ಹೊರಬಂದ ಕಾಲ ಮಾತ್ರ ಅತ್ಯಂತ ಕೆಟ್ಟದಾಗಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳೂ ಸೈನಿಕರೂ ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದರು. ಹೆಂಗಸರ ಮೈ ಪರೀಕ್ಷೆ, ದೇವರ ಕೋಣೆಗೆ ಬೂಟುಗಾಲಿನ ಪ್ರವೇಶ, ಸಾಮಾನುಗಳ ದಹನ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ, ಮನೆಯವರನ್ನು ಶಿಬಿರಕ್ಕೆ ಸಾಗಿಸುವುದು ಇವೆಲ್ಲ ಜನರನ್ನು ರೊಚ್ಚಿಗೆಬ್ಬಿಸಿದವು. ಅದೇ ವರ್ಷ ಜೂನ್ 22ರಂದು ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡ್ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದರು. ಅದೇ ಸರ್ಕಾರದ ಮುದ್ರೆ ಹೊತ್ತ ಕುಪ್ಪಿಯಲ್ಲಿ ಒಳ್ಳೆಯದಿದೆ ಎಂದು ಜನ ನಂಬುವುದಾದರೂ ಹೇಗೆ?

ವದಂತಿಗಳಿಗೆ ರೆಕ್ಕೆ ಮೂಡಿತು. ಸೂಜಿ ಒಂದು ಗಜ ಉದ್ದವಿದೆ, ಚುಚ್ಚಿಸಿಕೊಂಡವರು ಕೂಡಲೇ ಸಾಯುತ್ತಾರೆ, ಗಂಡಸರು ಷಂಡರಾಗುತ್ತಾರೆ, ಹೆಂಗಸರು ಬಂಜೆಯರಾಗುತ್ತಾರೆ ಎಂಬ ಮಾತುಗಳು ಪಂಜಾಬಿನವರೆಗೂ ಹರಡಿದವು. ಇವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ವಸಾಹತು ಕಾಲದ ವೈದ್ಯಕೀಯವನ್ನು ಅಧ್ಯಯನ ಮಾಡಿದ ಡೇವಿಡ್ ಆರ್ನಾಲ್ಡ್ ಅವರಂತಹ ಇತಿಹಾಸಕಾರರು ಇಂತಹ ವದಂತಿಗಳಲ್ಲಿ ತಮ್ಮ ಮೈಯ ಮೇಲೆ ಪರಕೀಯ ಆಡಳಿತ ಕೈಯಿಡುತ್ತಿದೆ ಎಂಬ ಜನರ ಆತಂಕವನ್ನು ಕಂಡಿದ್ದಾರೆ.

ಹಾಫ್ಕಿನ್ ಈ ಆತಂಕವನ್ನು ಅರಿತಿದ್ದರು. ಲಸಿಕೆ ಕಡ್ಡಾಯವಾಗಬಾರದು, ಜನ ತಾವಾಗಿ ಬರಬೇಕು ಎಂಬುದು ಅವರ ನಿಲುವು. ಖೋಜಾ ಸಮುದಾಯದ ಧರ್ಮಗುರು, ಆಗಿನ್ನೂ ಹತ್ತೊಂಬತ್ತು ಇಪ್ಪತ್ತರ ತರುಣರಾಗಿದ್ದ ಮೂರನೆಯ ಆಗಾ ಖಾನ್ ಈ ನಿಲುವಿಗೆ ಬೆಂಬಲವಾಗಿ ನಿಂತರು. ತಮ್ಮವರೆದುರು ತಾವೇ ಲಸಿಕೆ ಹಾಕಿಸಿಕೊಂಡರು; ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟರು. ಮುಂಬಯಿಯ ಖೋಜಾಗಳು ಸಾವಿರಾರು ಸಂಖ್ಯೆಯಲ್ಲಿ ಅವರನ್ನು ಅನುಸರಿಸಿದರು. ಸರ್ಕಾರದ ಡಂಗುರ ಸಾಧಿಸಲಾಗದ್ದನ್ನು ಧರ್ಮಗುರುವಿನ ಒಂದು ತೋಳು ಸಾಧಿಸಿತ್ತು. ಇನ್ನೊಂದು ಆಕರ್ಷಣೆಯೂ ಇತ್ತು. ಲಸಿಕೆ ಪಡೆದ ಪ್ರಮಾಣಪತ್ರವಿದ್ದವರಿಗೆ ಶಿಬಿರವಾಸ ಮುಂತಾದ ನಿರ್ಬಂಧಗಳಿಂದ ಹಲವೆಡೆ ವಿನಾಯಿತಿ ದೊರೆಯುತ್ತಿತ್ತು. ಸೂಜಿಗಿಂತ ಶಿಬಿರಕ್ಕೆ ಹೆಚ್ಚು ಹೆದರಿದ್ದ ಜನ ಎರಡರಲ್ಲಿ ಹಗುರವಾದುದನ್ನು ಆರಿಸಿಕೊಂಡರು.

ಹುಬ್ಬಳ್ಳಿ, ಧಾರವಾಡದ ಸಾಕ್ಷ್ಯ

1897ರಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ದಮನ್ ಪಟ್ಟಣದಲ್ಲಿ ಪ್ಲೇಗ್ ತಾಂಡವವಾಡಿತು. ಅಲ್ಲಿ ಲಸಿಕೆ ಪಡೆದ 2,197 ಮಂದಿಯಲ್ಲಿ 36 ಜನ ಸತ್ತರೆ, ಪಡೆಯದ 6,033 ಮಂದಿಯಲ್ಲಿ 1,482 ಜನ ಸತ್ತರು. 1898ರ ಆರಂಭದಲ್ಲಿ ಬರೋಡಾ ಸಮೀಪದ ಉಂಧೇರಾ ಗ್ರಾಮದಲ್ಲಿ ಪ್ರತಿ ಕುಟುಂಬದಲ್ಲೂ ಅರ್ಧದಷ್ಟು ಜನರಿಗೆ ಲಸಿಕೆ ನೀಡಲಾಯಿತು. ಪಡೆದ 71 ಮಂದಿಯಲ್ಲಿ 3 ಸಾವು. ಪಡೆಯದ 64 ಮಂದಿಯಲ್ಲಿ 26 ಸಾವು.

ಅದೇ ವರ್ಷ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಸರದಿ. ರೈಲ್ವೆ ಕಾರ್ಯಾಗಾರವಿದ್ದ ಹುಬ್ಬಳ್ಳಿ, ನೆರೆಯ ಧಾರವಾಡ, ಗದಗ ಪಟ್ಟಣಗಳಲ್ಲಿ ಪ್ಲೇಗ್ ಭೀಕರವಾಗಿ ಹಬ್ಬಿತು. ಹುಬ್ಬಳ್ಳಿಯಲ್ಲಿ ನಡೆದ ಲಸಿಕೆ ಕಾರ್ಯ ಆ ಕಾಲದ ಅತಿ ದೊಡ್ಡ ಪ್ರಯತ್ನಗಳಲ್ಲಿ ಒಂದು. ಸೇನಾ ವೈದ್ಯ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಹತ್ತಾರು ಸಾವಿರ ಜನ ಲಸಿಕೆ ಪಡೆದರು. ವಾರವಾರವೂ ಲಸಿಕೆ ಪಡೆದವರ, ಪಡೆಯದವರ ಸಾವುಗಳನ್ನು ಬೇರೆಬೇರೆಯಾಗಿ ಬರೆದಿಡಲಾಯಿತು. ಪಕ್ಕದ ಮನೆಯವರು ಸಾಯುತ್ತಿರುವಾಗ ಲಸಿಕೆ ಪಡೆದವರು ಬದುಕಿ ಉಳಿಯುವುದನ್ನು ಜನ ಕಣ್ಣಾರೆ ಕಂಡರು. ಹುಬ್ಬಳ್ಳಿಯ ಅಂಕಿಅಂಶಗಳನ್ನು ಹಾಫ್ಕಿನ್ ಲಂಡನ್ನಿನ ವಿಜ್ಞಾನಿಗಳ ಮುಂದೆಯೂ ಇಟ್ಟರು.

1898ರ ಆಗಸ್ಟ್‌ನಲ್ಲಿ ರೈಲಿನ ಹಾದಿಯಲ್ಲಿಯೇ ಪ್ಲೇಗ್ ಬೆಂಗಳೂರನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲವದು. ಕಿಕ್ಕಿರಿದ ಪೇಟೆಯ ಜನರಿಗೆ ಗಾಳಿ ಬೆಳಕಿನ ಬಡಾವಣೆಗಳು ಬೇಕೆಂಬ ಅರಿವು ಬಲವಾಗಿ, ಮಲ್ಲೇಶ್ವರ, ಬಸವನಗುಡಿಗಳ ಬೆಳವಣಿಗೆಗೆ ಚಾಲನೆ ದೊರೆಯಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಲಸಿಕೆಯೋ, ನೈರ್ಮಲ್ಯವೋ ಎಂಬ ವಾದ ಅಧಿಕಾರಿಗಳ ನಡುವೆ ನಡೆಯುತ್ತಿದ್ದಾಗ ಜನರಿಗೆ ಬೇಕಾಗಿದ್ದುದು ಎರಡೂ.

ಪರೇಲ್‌ನ ಹಳೆಯ ಗವರ್ನರ್ ನಿವಾಸದಲ್ಲಿ 1899ರ ಆಗಸ್ಟ್ 10ರಂದು ಪ್ಲೇಗ್ ಸಂಶೋಧನಾ ಪ್ರಯೋಗಾಲಯ ವಿಧ್ಯುಕ್ತವಾಗಿ ಆರಂಭವಾಯಿತು. ಹಾಫ್ಕಿನ್ ಅದರ ಮುಖ್ಯ ನಿರ್ದೇಶಕರು. ಅಷ್ಟರಲ್ಲಿ ರಾಣಿ ವಿಕ್ಟೋರಿಯಾ ಅವರಿಂದ ಬಿರುದೂ ಬಂದಿತ್ತು. ಆದರೆ ಸರ್ಕಾರ ನೇಮಿಸಿದ ಭಾರತೀಯ ಪ್ಲೇಗ್ ಆಯೋಗ ಲಸಿಕೆಯಿಂದ ರೋಗವೂ ಸಾವೂ ಇಳಿಯುವುದನ್ನು ಒಪ್ಪಿಕೊಂಡರೂ ಅಂಕಿಅಂಶ ಸಂಗ್ರಹಿಸಿದ ರೀತಿಯಲ್ಲಿಯೂ ಲಸಿಕೆಯ ಪ್ರಮಾಣ ನಿರ್ಧಾರದಲ್ಲಿಯೂ ಲೋಪಗಳನ್ನು ಎತ್ತಿ ತೋರಿತು. ಟೀಕೆಯಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಪ್ಲೇಗಿಗೆ ಸಿಕ್ಕು ಚೆದರಿಹೋದ ಊರಿನಲ್ಲಿ ನಿಖರ ಜನಗಣತಿ ಮಾಡುವುದು ಮಾತ್ರ ಯಾರಿಗೂ ಸುಲಭವಾಗಿರಲಿಲ್ಲ.

ಮುಲ್ಕೋವಾಲ್‌ನ ಹತ್ತೊಂಬತ್ತು ಸಾವು

1902ರಲ್ಲಿ ಪಂಜಾಬ್ ಸರ್ಕಾರ ಲಕ್ಷಾಂತರ ಜನರಿಗೆ ಲಸಿಕೆ ಹಾಕುವ ಬೃಹತ್ ಯೋಜನೆ ಹಮ್ಮಿಕೊಂಡಿತು. ಪರೇಲ್‌ನ ಮೇಲೆ ಬೇಡಿಕೆಯ ಹೊರೆ ಬಿದ್ದಿತು. ತಯಾರಿಕೆಯನ್ನು ತ್ವರಿತಗೊಳಿಸಲು ಹಾಫ್ಕಿನ್ ವಿಧಾನವನ್ನು ಕೊಂಚ ಬದಲಿಸಿದರು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು, ಪಾಶ್ಚರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದಂತೆ ಶಾಖವೊಂದನ್ನೇ ನೆಚ್ಚಿದರು.

ಅಕ್ಟೋಬರ್ 30ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿ ಲಸಿಕೆ ಪಡೆದರು. ವಾರ ಕಳೆಯುವಷ್ಟರಲ್ಲಿ ಕೆಲವರಿಗೆ ದವಡೆ ಬಿಗಿಯಿತು, ಮೈ ಸೆಟೆಯಿತು. ಅದು ಧನುರ್ವಾಯು. 19 ಮಂದಿ ಸತ್ತರು. ಅವರೆಲ್ಲರಿಗೂ ಲಸಿಕೆ ಹಾಕಿದ್ದು 53-ಎನ್ ಎಂಬ ಗುರುತಿನ ಒಂದೇ ಕುಪ್ಪಿಯಿಂದ. ಬೇರೆ ಕುಪ್ಪಿಗಳಿಂದ ಪಡೆದವರಿಗೆ ಏನೂ ಆಗಿರಲಿಲ್ಲ.

ಕುಪ್ಪಿ ಕೆಟ್ಟದ್ದು ಪರೇಲ್‌ನಲ್ಲಿಯೋ, ಮುಲ್ಕೋವಾಲ್‌ನಲ್ಲಿಯೋ? ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅಧ್ಯಕ್ಷತೆಯ ವಿಚಾರಣಾ ಆಯೋಗ ದೋಷವನ್ನು ಪ್ರಯೋಗಾಲಯದ ಕಡೆಗೆ ತಿರುಗಿಸಿತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದು ದೊಡ್ಡ ಅಪರಾಧವಾಗಿ ಕಂಡಿತು. ಹಾಫ್ಕಿನ್ ನಿರ್ದೇಶಕತ್ವ ಕಳೆದುಕೊಂಡು, ಸಂಬಳವಿಲ್ಲದ ರಜೆಯ ಮೇಲೆ 1904ರಲ್ಲಿ ಇಂಗ್ಲೆಂಡಿಗೆ ತೆರಳಿದರು.

ವಿಚಾರಣೆಯ ಕಾಗದಪತ್ರಗಳೆಲ್ಲ ಪ್ರಕಟವಾದದ್ದು ಕೆಲವು ವರ್ಷಗಳ ಬಳಿಕ. ಅವುಗಳಲ್ಲಿ ಬೇರೆಯೇ ಚಿತ್ರವಿತ್ತು. ಕುಪ್ಪಿಯ ಬಿರಡೆ ತೆಗೆಯುವ ಚಿಮುಟ ಅಂದು ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಗೊಳಿಸದೆ, ಔಷಧಿ ನೀರಿನಲ್ಲಿ ಅದ್ದಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಜೀವಿ ಇರುವುದು ಮಣ್ಣಿನಲ್ಲಿ. ಕುಪ್ಪಿ ಪರೇಲ್‌ನಲ್ಲಿ ತುಂಬುವಾಗಲೇ ಕೆಟ್ಟಿದ್ದರೆ ವಾರಗಳ ಕಾಲ ಒಳಗೆ ಬೆಳೆದ ಜೀವಿಯಿಂದ ಅದು ದುರ್ವಾಸನೆ ಬೀರಬೇಕಿತ್ತು. ತೆರೆದ ವೈದ್ಯರಿಗೆ ಅಂತಹ ವಾಸನೆಯೇನೂ ಬಂದಿರಲಿಲ್ಲ. ಮಲೇರಿಯಾ ಸಂಶೋಧನೆಗಾಗಿ 1902ರಲ್ಲಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಈ ವಿಷಯವನ್ನು ಹಿಡಿದು ಹೋರಾಟಕ್ಕಿಳಿದರು. ಕಲ್ಕತ್ತೆಯ ಹಳೆಯ ಗೆಳೆಯ ಸಿಂಪ್ಸನ್ ಜೊತೆಗೂಡಿದರು. 1907ರ ಜುಲೈನಲ್ಲಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಫ್ರಾನ್ಸಿನಲ್ಲಿ ಸುಳ್ಳು ಆರೋಪಕ್ಕೆ ಸಿಲುಕಿದ ಯಹೂದಿ ಸೇನಾಧಿಕಾರಿ ಡ್ರೇಫಸ್ ಅವರ ಪ್ರಕರಣಕ್ಕೆ ಇದನ್ನು ಹೋಲಿಸಿದವರೂ ಉಂಟು. ಆ ವರ್ಷದ ಕೊನೆಗೆ ಸರ್ಕಾರ ಹಾಫ್ಕಿನ್ ಅವರಿಗೆ ಮತ್ತೆ ಸೇವೆಗೆ ಮರಳುವ ಅವಕಾಶ ನೀಡಿತು.

ಕೊನೆಯ ವರ್ಷಗಳು

ಮರಳಿದರು, ಆದರೆ ಪರೇಲ್‌ಗಲ್ಲ. ಅಲ್ಲಿನ ಸ್ಥಾನ ಆಗಲೇ ಬೇರೆಯವರದಾಗಿತ್ತು. ಕಲ್ಕತ್ತೆಯಲ್ಲಿ ಲಸಿಕೆ ತಯಾರಿಸುವ ಅನುಕೂಲವಿಲ್ಲದ ಪ್ರಯೋಗಾಲಯವೊಂದನ್ನು ಕೊಡಲಾಯಿತು. ಜನರ ನಡುವೆ ಪ್ರಯೋಗ ನಡೆಸಲು ಅನುಮತಿಯಿರಲಿಲ್ಲ. ಕೇರಿಕೇರಿ ಅಲೆದು, ತೋಳುಗಳನ್ನು ಎಣಿಸಿ, ಸಾವುಗಳನ್ನು ಬರೆದಿಟ್ಟುಕೊಂಡಿದ್ದ ಮನುಷ್ಯನಿಗೆ ಅದಕ್ಕಿಂತ ಕಠಿಣ ಶಿಕ್ಷೆ ಬೇರೊಂದಿರಲಾರದು. ಆರೋಪಮುಕ್ತಿ ದೊರೆತರೂ ಕೆಲಸ ಮರಳಿ ದೊರೆಯಲಿಲ್ಲ. ಐವತ್ತೈದರ ಹೊಸ್ತಿಲಲ್ಲಿ ಅವರು ನಿವೃತ್ತರಾಗಿ ಭಾರತ ಬಿಟ್ಟರು.

ಹಾಫ್ಕಿನ್ ಮದುವೆಯಾಗಲಿಲ್ಲ. ಯೌವನದಲ್ಲಿ ಹುದ್ದೆಗಾಗಿ ಬಿಟ್ಟುಕೊಡದ ಧರ್ಮಕ್ಕೆ ಮುಪ್ಪಿನಲ್ಲಿ ಇನ್ನಷ್ಟು ಹತ್ತಿರವಾದರು. ಪೂರ್ವ ಯೂರೋಪಿನ ಯಹೂದಿ ವಿದ್ಯಾಪೀಠಗಳ ನೆರವಿಗಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ಗಳಿಸಿದ್ದನ್ನು ಅದಕ್ಕೆ ಮೀಸಲಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲ್‌ನ ಸಂಸ್ಥೆಗೆ ಅವರ ಹೆಸರನ್ನಿಡಲಾಗಿತ್ತು. 1897ರಿಂದ ಆ ಹೊತ್ತಿಗೆ ಮುಂಬಯಿಯಿಂದ ಹೊರಟಿದ್ದ ಪ್ಲೇಗ್ ಲಸಿಕೆ ಸುಮಾರು 2 ಕೋಟಿ 60 ಲಕ್ಷ ಡೋಸುಗಳು. ಸ್ವತಂತ್ರ ಭಾರತ 1964ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಹಾಫ್ಕಿನ್ ಅವರ ಲಸಿಕೆ ಪರಿಪೂರ್ಣವಾಗಿರಲಿಲ್ಲ. ಜ್ವರ, ನೋವು ತರುತ್ತಿತ್ತು. ರಕ್ಷಣೆ ಬಹುಕಾಲ ಉಳಿಯುತ್ತಿರಲಿಲ್ಲ. ಶ್ವಾಸಕೋಶದ ಪ್ಲೇಗನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಆದರೂ ಸಾವನ್ನು ಅರ್ಧಕ್ಕೂ ಕೆಳಗೆ ಇಳಿಸಬಲ್ಲ ಸಾಧನ ಕೈಯಲ್ಲಿದ್ದಾಗಲೇ ಭಾರತದಲ್ಲಿ ಮೂರು ದಶಕಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು. ಮುಲ್ಕೋವಾಲ್‌ನ ಸುದ್ದಿಯ ನಂತರ ಪಂಜಾಬಿನ ಯೋಜನೆ ಕುಸಿಯಿತು. ಆಮೇಲಿನ ವರ್ಷಗಳಲ್ಲಿ ಪ್ಲೇಗ್ ಅತಿ ಹೆಚ್ಚು ಜನರನ್ನು ಕೊಂದ ಪ್ರಾಂತಗಳಲ್ಲಿ ಪಂಜಾಬ್ ಒಂದಾಯಿತು. ನೆಲಕ್ಕೆ ಬಿದ್ದ ಒಂದು ಚಿಮುಟದ ಬೆಲೆ ಹತ್ತೊಂಬತ್ತು ಜೀವಗಳಿಗೆ ನಿಲ್ಲಲಿಲ್ಲ.

ಸಂಶೋಧನೆ ಮುಗಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕುಪ್ಪಿಯನ್ನು ತುಂಬುವವನು, ಸಾಗಿಸುವವನು, ತೆರೆಯುವವನು, ಜನರ ಮನವೊಲಿಸುವವನು, ತಪ್ಪಾದಾಗ ನಿಜವನ್ನು ಹೊರತರುವವನು ಇವರೆಲ್ಲರೂ ಔಷಧದ ಭಾಗವೇ. ಪರೇಲ್‌ನ ಫಲಕದ ಮೇಲೆ ಒಂದೇ ಹೆಸರಿದೆ. ಕಟ್ಟಲ್ ಬಾಗಾನಿನ ನೂರಹದಿನಾರು ಮಂದಿ, ಬೈಕುಲ್ಲಾದ ಕೈದಿಗಳು, ಹುಬ್ಬಳ್ಳಿಯಲ್ಲಿ ಸಾಲುಗಟ್ಟಿ ನಿಂತ ಜನ, ಮುಲ್ಕೋವಾಲ್‌ನಲ್ಲಿ ನಂಬಿ ತೋಳು ಚಾಚಿದ ಹತ್ತೊಂಬತ್ತು ಮಂದಿ ಇವರ ಹೆಸರುಗಳು ಯಾವ ಫಲಕದಲ್ಲಿಯೂ ಇಲ್ಲ. ಪ್ರಯೋಗಾಲಯದಿಂದ ಕೇರಿಯವರೆಗಿನ ಆ ಹಾದಿ ಸವೆದದ್ದು ಅವರ ಕಾಲುಗಳಿಂದಲೂ.